ಕಬ್ಬನ್ ಯಾರಿಗೆ ಲೆಕ್ಕ ಒಪ್ಪಿಸಿದ?

ಕೆಂಗೇರಿಯಿಂದ ಹೊರಟ ನೇರಳೆ ಮಾರ್ಗದ ಮೆಟ್ರೊ ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ ದಾಟಿದ ಮೇಲೆ ನಿಲ್ದಾಣಗಳ ಹೆಸರೆಲ್ಲ ಇತಿಹಾಸವೇ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ನಾಡಪ್ರಭು ಕೆಂಪೇಗೌಡ, ಸರ್ ಎಂ. ವಿಶ್ವೇಶ್ವರಯ್ಯ, ಡಾ. ಬಿ.ಆರ್. ಅಂಬೇಡ್ಕರ್. ಅದರ ಬೆನ್ನಿಗೇ ಕಬ್ಬನ್ ಪಾರ್ಕ್. ಈಸ್ಟ್ ಇಂಡಿಯಾ ಕಂಪನಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡಿತು. ಹಾಗೆ ಕಿತ್ತುಕೊಂಡ ರಾಜ್ಯವನ್ನು 1834ರಿಂದ 1861ರವರೆಗೆ, ಇಪ್ಪತ್ತೇಳು ವರ್ಷ ನಡೆಸಿದವನು ಮಾರ್ಕ್ ಕಬ್ಬನ್. ಅವನನ್ನೂ ರಾಯಣ್ಣನನ್ನೂ ಒಂದೇ ಟಿಕೆಟ್ಟಿನಲ್ಲಿ ಹಾದುಹೋಗುವ ಊರು ನಮ್ಮದು.

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಬ್ರಿಟಿಷರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ದಂಡು ಪ್ರದೇಶದಲ್ಲಿ ರಿಚ್ಮಂಡ್, ಬೆನ್ಸನ್, ಕುಕ್ ಎಂದು ಸಾಲುಗಟ್ಟಿ ನಿಂತಿದ್ದಾರೆ. ಇತ್ತ ಕೇತಮಾರನಹಳ್ಳಿ, ಸಾಣೆಗೊರವನಹಳ್ಳಿ, ಮಾರೇನಹಳ್ಳಿಯ ಹೊಲಗಳ ಮೇಲೆ ಎದ್ದ ಬಡಾವಣೆಗಳು ರಾಜಾಜಿ, ಬಸವೇಶ್ವರ, ವಿಜಯನಗರ ಎಂಬ ಹೆಸರು ಹೊತ್ತಿವೆ. ಹಾಗಾಗಿ ಕಬ್ಬನ್ನನ ಪ್ರತಿಮೆ, ಕಬ್ಬನ್ನನ ಉದ್ಯಾನದ ಹೆಸರು ಸುದ್ದಿಗೆ ಬಂದಾಗ ಇಲ್ಲಿನ ಮಾತು ಬೇಗ ಎರಡು ಹೋಳಾಗುತ್ತದೆ. ಪರಂಗಿಯವನ ಹೆಸರು ಇನ್ನೂ ಯಾಕೆ ಬೇಕು, ತೆಗೆದು ಹಾಕಿ ಎನ್ನುವವರು ಒಂದು ಕಡೆ. ರಸ್ತೆ, ರೈಲು, ತಂತಿ ತಂದವನು, ಲಂಚವಿಲ್ಲದೆ ಆಳಿದವನು, ಇಂದಿನವರಿಗಿಂತ ಅವನೇ ಮೇಲು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ನಿಜವಿದೆ. ಆದರೆ ಕಬ್ಬನ್ ಯಾರಿಗೆ ಲೆಕ್ಕ ಒಪ್ಪಿಸಬೇಕಿತ್ತು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳುವುದಿಲ್ಲ. ಅದನ್ನು ಕೇಳಿದರೆ ಅವನ ಕಥೆ ಬೇರೆಯಾಗಿ ಕಾಣುತ್ತದೆ.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ಎಂಬ ಪುಟ್ಟ ದ್ವೀಪ ಅವನ ಊರು. ತಂದೆ ಅಲ್ಲಿನ ಒಂದು ಇಗರ್ಜಿಯ ಪಾದ್ರಿ. ಸೋದರಮಾವ ಮಾರ್ಕ್ ವಿಲ್ಕ್ಸ್ ಕಂಪನಿಯ ಸೇನೆಯಲ್ಲಿ ಅಧಿಕಾರಿ. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿ, ಮೈಸೂರಿನ ಇತಿಹಾಸವನ್ನು ದಪ್ಪ ಸಂಪುಟಗಳಲ್ಲಿ ಬರೆದವನು ಇವನೇ. ಆ ಮಾವನ ಆಸರೆಯಲ್ಲಿ ಹುಡುಗ 1800ರಲ್ಲಿ ಮದ್ರಾಸ್ ಸೇನೆಗೆ ಕೆಡೆಟ್ ಆಗಿ ಸೇರಿದ. ಹಾಗೆ ಬಂದವನು ಆಮೇಲೆ ಅರವತ್ತು ವರ್ಷ ತನ್ನ ಊರಿನ ಮುಖ ನೋಡಲಿಲ್ಲ. ಮದುವೆಯಾಗಲಿಲ್ಲ. ಕುದುರೆಯ ಹುಚ್ಚು ವಿಪರೀತ; ಲಾಯದ ತುಂಬ ಅರಬ್ಬಿ ಕುದುರೆಗಳು. ಬೇಸಿಗೆ ಬಂತೆಂದರೆ ನಂದಿಬೆಟ್ಟದ ಮೇಲೆ ವಾಸ. ಅಲ್ಲಿ ಅವನು ಇರುತ್ತಿದ್ದ ಮನೆಯೇ ಇಂದಿನ ನೆಹರು ನಿಲಯ. ಬೆಂಗಳೂರಿನಲ್ಲಿ 1840ರ ಸುಮಾರಿಗೆ ಕಟ್ಟಿಸಿಕೊಂಡ ಬಂಗಲೆ ಇವತ್ತಿನ ರಾಜಭವನ. ರಾಜ್ಯಪಾಲರು ಪ್ರಮಾಣವಚನ ಬೋಧಿಸುವ ಆವರಣ ಒಂದು ಕಾಲದಲ್ಲಿ ಕಂಪನಿಯ ಕಮಿಷನರನ ಮನೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಅವನು ಅಧಿಕಾರಕ್ಕೆ ಬಂದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟಿಪ್ಪು ಸತ್ತ ಮೇಲೆ 1799ರಲ್ಲಿ ಆದ ಕರಾರಿನಂತೆ ಮೈಸೂರು ಪ್ರತಿವರ್ಷ ಕಂಪನಿಗೆ ಏಳು ಲಕ್ಷ ಸ್ಟಾರ್ ಪಗೋಡಾ ಪೊಗದಿ ಕಟ್ಟಬೇಕಿತ್ತು. ರೂಪಾಯಿ ಲೆಕ್ಕದಲ್ಲಿ ಇದು 24.5 ಲಕ್ಷ. ಆ ಪೊಗದಿಗೆ ಕುತ್ತು ಬಂದರೆ ರಾಜ್ಯವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಹಕ್ಕನ್ನು ಕಂಪನಿ ಅದೇ ಕರಾರಿನಲ್ಲಿ ಬರೆಸಿಕೊಂಡಿತ್ತು. ಹಣ ಹೊಂದಿಸಲು ಅರಮನೆ ಶರ್ತಿ ಎಂಬ ಪದ್ಧತಿಗೆ ಕೈಹಾಕಿತು. ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆ, ಕಡಿಮೆಯಾದರೆ ನಾನೇ ಭರ್ತಿ ಮಾಡುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಭರ್ತಿ ಮಾಡುವವನು ಸ್ವಂತ ಗಂಟಿನಿಂದ ಮಾಡುತ್ತಾನೆಯೇ? ಹೊರೆ ರೈತನ ಬೆನ್ನ ಮೇಲೆ ಬಿತ್ತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಬೂದಿ ಬಸವಪ್ಪ ನಾಯಕ, ತರೀಕೆರೆಯ ಪಾಳೆಗಾರ ರಂಗಪ್ಪ ನಾಯಕ ಮುಂದೆ ನಿಂತರು. ಆ ದಂಗೆಯನ್ನು ಅರಸರ ಪಡೆಯೂ ಕಂಪನಿಯ ಪಡೆಯೂ ಸೇರಿ ಹತ್ತಿಕ್ಕಿದವು. ಆಮೇಲೆ ಗವರ್ನರ್ ಜನರಲ್ ಬೆಂಟಿಂಕ್, ನಿಮಗೆ ಆಳಲು ಬರುವುದಿಲ್ಲ ಎಂದು ಅರಸರಿಗೆ ಪತ್ರ ಬರೆದು ರಾಜ್ಯ ವಹಿಸಿಕೊಂಡ.

ದಂಗೆಯ ಕಾರಣ ಹುಡುಕಲು ಕಂಪನಿ ನಾಲ್ವರ ಸಮಿತಿ ನೇಮಿಸಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್ ಜತೆಗೆ ನಾಲ್ಕನೆಯವನು ಕಬ್ಬನ್. ಸಮಿತಿ 1833ರ ಕೊನೆಯಲ್ಲಿ ಕೊಟ್ಟ ವರದಿ ಅರಸರ ದುರಾಡಳಿತವನ್ನು ಒಪ್ಪಿತು. ಆದರೆ ಪರಿಸ್ಥಿತಿ ಕಲ್ಕತ್ತೆಗೆ ಬಣ್ಣಿಸಿದಷ್ಟು ಕೆಟ್ಟಿರಲಿಲ್ಲ ಎಂದೂ ತೋರಿಸಿತು. ಮರುವರ್ಷ ಏಪ್ರಿಲಿನಲ್ಲಿ ಬೆಂಟಿಂಕ್ ಲಂಡನ್ನಿಗೆ ಬರೆದ ಪತ್ರದಲ್ಲಿ ತನ್ನ ಕ್ರಮ ಕಾನೂನಿಗೂ ನ್ಯಾಯಕ್ಕೂ ಸರಿಹೊಂದುತ್ತದೆಯೇ ಎಂಬ ಅನುಮಾನವನ್ನು ತಾನೇ ತೋಡಿಕೊಂಡ. ರಾಜ್ಯ ವಹಿಸಿಕೊಳ್ಳಲು ಕರಾರು ಬಿಟ್ಟುಕೊಟ್ಟ ದಾರಿ ಪೊಗದಿಯದು ಮಾತ್ರ. ಆ ಪೊಗದಿಗೆ ಸದ್ಯಕ್ಕೆ ಅಪಾಯವೇ ಇರಲಿಲ್ಲ. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಮರಳಿಸೋಣ ಎಂದು ಬೆಂಟಿಂಕ್ ಸೂಚಿಸಿದ. ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅದೇ 1834ರಲ್ಲಿ ಸಮಿತಿಯ ನಾಲ್ಕನೆಯ ಸದಸ್ಯ ಮೈಸೂರಿನ ಕಮಿಷನರ್ ಆದ. ಅವನು ಕೂತ ಕುರ್ಚಿಯ ನ್ಯಾಯದ ಬಗ್ಗೆ ಅದನ್ನು ಹಾಕಿಸಿದವನಿಗೇ ಅನುಮಾನವಿತ್ತು. ಕಬ್ಬನ್ನನ ಒಳ್ಳೆಯ ಕೆಲಸಗಳನ್ನು ಹೇಳುವಾಗಲೆಲ್ಲ ಈ ಮಾತು ನೆನಪಿರಬೇಕು.

ಒಳ್ಳೆಯ ಕೆಲಸಗಳು ಇದ್ದವು, ಸಣ್ಣವೂ ಅಲ್ಲ. ನನಗೆ ಅವುಗಳಲ್ಲಿ ತುಂಬ ದೊಡ್ಡದಾಗಿ ಕಾಣುವುದು ತೆರಿಗೆ ರದ್ದತಿ. ಹಳೆಯ ಮೈಸೂರಿನಲ್ಲಿ ನೆಲಗಂದಾಯ, ಸುಂಕಗಳ ಸುತ್ತ ಸಾವಿರ ಪುಡಿ ತೆರಿಗೆಗಳು ಹುತ್ತದಂತೆ ಬೆಳೆದಿದ್ದವು. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಕೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯ ಜನ ವರ್ಷವರ್ಷವೂ ದಂಡ ಕಟ್ಟುತ್ತಿದ್ದರು, ಯಾಕೆಂದರೆ ಅವರ ಪೂರ್ವಜರು ಯಾವುದೋ ಪಾಳೆಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವಂತೆ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದುಹೋದವನು ಸುಂಕ ತೆರಬೇಕಿತ್ತು. ಇಂಥ 769 ಬಾಬುಗಳನ್ನು ಕಬ್ಬನ್ನನ ಆಡಳಿತ ಹೊಡೆದುಹಾಕಿತು. ಈ ಸಂಖ್ಯೆ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಹುಟ್ಟಿದ ಕೂಸಿಗೆ ಹೆಸರಿಡಲು ಕಚೇರಿಗೆ ಕಾಸು ಕೊಡಬೇಕಿಲ್ಲ ಎಂದಾದ ದಿನ ಸಾಣೆಗೊರವನಹಳ್ಳಿಯ ಒಬ್ಬ ತಾಯಿಗೆ ಹೇಗನ್ನಿಸಿರಬೇಡ? ಆಳುವವನು ಯಾರೇ ಆಗಲಿ, ಆ ಹಗುರ ನಿಜವಾದದ್ದು. ಅದನ್ನು ಅಲ್ಲಗಳೆಯುವ ದೇಶಪ್ರೇಮ ನನಗೆ ಬೇಡ.

ಶರ್ತಿ ಹೋಯಿತು. ಬೆಳೆ ಪಾಲು ಮಾಡುವ ಬಟಾಯಿ ಹಿಂದೆ ಸರಿದು ಹಣದ ಕಂದಾಯ ಬಂತು. ಕಣದಲ್ಲಿ ರಾಗಿ ಒಟ್ಟಿ, ಸರ್ಕಾರದವನು ಬಂದು ಪಾಲು ಅಳೆಯುವವರೆಗೆ ಮಳೆಗೂ ಇಲಿಗೂ ಬಿಟ್ಟು ಕಾಯಬೇಕಿದ್ದ ರೈತ ಸುಗ್ಗಿ ನೋಡಿಕೊಂಡು ಕಂತಿನಲ್ಲಿ ಹಣ ಕಟ್ಟುವಂತಾಯಿತು. ಕಾಫಿಯ ಮೇಲಿನ ಹಾಲತ್ ಸುಂಕ ಇಳಿದು ಬಾಬಾಬುಡನ್‌ಗಿರಿ, ಮಂಜರಾಬಾದಿನ ಕಡೆ ತೋಟಗಳು ಹಬ್ಬಿದವು. ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂದು ನಾಲ್ಕು ವಿಭಾಗ ಮಾಡಿ ಒಂದೊಂದಕ್ಕೂ ಯುರೋಪಿನ ಸೂಪರಿಂಟೆಂಡೆಂಟನನ್ನು ಕೂರಿಸಿದ. ಕೆಳಗೆ ಅಮಲ್ದಾರ, ಶೇಕದಾರ, ಪಟೇಲ, ಶಾನುಭೋಗರ ಹಳೆಯ ಏಣಿ ಹಾಗೇ ಉಳಿಯಿತು. ಕಚೇರಿಯ ಲೆಕ್ಕಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ನಡೆಯಿತು. ಬೆಂಗಳೂರಿನಲ್ಲಿ ಹುಜೂರ್ ಅದಾಲತ್ ಎಂಬ ಮೇಲು ನ್ಯಾಯಾಲಯ ಬಂದು ಅದರಲ್ಲಿ ಇಲ್ಲಿಯವರೇ ನ್ಯಾಯಾಧೀಶರಾದರು. ರಸ್ತೆ ಸುಮಾರು 1,600 ಮೈಲಿ, ಸೇತುವೆ ಮುನ್ನೂರಕ್ಕೂ ಹೆಚ್ಚು. ಘಟ್ಟ ಇಳಿದು ಕರಾವಳಿ ಮುಟ್ಟುವ ಗಾಡಿದಾರಿಗಳೂ ಈ ಕಾಲದವು. 1856ರಲ್ಲಿ ಲೋಕೋಪಯೋಗಿ ಇಲಾಖೆ, 1858ರಲ್ಲಿ ಮುಂದೆ ಸೆಂಟ್ರಲ್ ಕಾಲೇಜಾದ ಹೈಸ್ಕೂಲು. ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಹಳಿಯ ಕೆಲಸವೂ ಅವನಿರುವಾಗಲೇ ಶುರುವಾಗಿ 1864ರಲ್ಲಿ ಮುಗಿಯಿತು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಯಾರ ಬಾಯಲ್ಲೂ ಬರುವುದಿಲ್ಲ. 1831ರಲ್ಲಿ ಸರ್ಕಾರ ಮೈಸೂರು ಬಿಟ್ಟು ಬೆಂಗಳೂರಿಗೆ ಬಂತು. ಮೊದಲು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ ಕಚೇರಿ ಹೂಡಿತು. 1868ರಲ್ಲಿ ಅಠಾರಾ ಕಚೇರಿಯ ಕೆಂಪು ಕಟ್ಟಡಕ್ಕೆ ಹೋಯಿತು. ಅರಸರು ಮಾತ್ರ ಮೈಸೂರಿನಲ್ಲೇ ಉಳಿದರು. ಸಿಂಹಾಸನ ಒಂದೂರಲ್ಲಿ, ಖಜಾನೆ ಇನ್ನೊಂದೂರಲ್ಲಿ. ಕೆಂಗೇರಿಯ ಮೇಲೆ ಹಾದುಹೋಗುವ ಮೈಸೂರು ರಸ್ತೆ ಮೂವತ್ತು ವರ್ಷ ಅರಸರ ಅರ್ಜಿಗಳು ಮೇಲಕ್ಕೂ, ಕಮಿಷನರನ ಆಜ್ಞೆಗಳು ಕೆಳಕ್ಕೂ ಓಡಾಡಿದ ದಾರಿ. ಬೆಂಗಳೂರು ಇಂದು ರಾಜಧಾನಿಯಾಗಿರುವುದಕ್ಕೆ, ಆ ರಾಜಧಾನಿ ಪಶ್ಚಿಮಕ್ಕೆ ಉಬ್ಬಿ ನಮ್ಮ ಬಡಾವಣೆಗಳನ್ನು ಹುಟ್ಟಿಸಿದ್ದಕ್ಕೆ ಬೇರು ಅಲ್ಲಿದೆ. ಕಬ್ಬನ್ನನ ಹೆಸರು ಎಲ್ಲಿ ಕೆತ್ತಿಲ್ಲವೋ ಆ ರಾಜಾಜಿನಗರದಲ್ಲೂ ಆ ಕಾಲದ ತೀರ್ಮಾನದ ಮೇಲೆಯೇ ನಾವು ನಿಂತಿದ್ದೇವೆ.

ಈಗ ಲೆಕ್ಕದ ಪ್ರಶ್ನೆಗೆ ಬರೋಣ. ಕಬ್ಬನ್ ನಿವೃತ್ತನಾಗುವ ಹೊತ್ತಿಗೆ ರಾಜ್ಯದ ವಾರ್ಷಿಕ ಆದಾಯ 80 ಲಕ್ಷ ರೂಪಾಯಿ ದಾಟಿತ್ತು. ಅಷ್ಟು ತೆರಿಗೆ ರದ್ದು ಮಾಡಿಯೂ ಆದಾಯ ಏರಿತು, ಅದು ಜಾಣತನವೇ ಸರಿ. ಆದರೆ ಅದರಿಂದ ವರ್ಷ ತಪ್ಪದೆ ಮೊದಲು ಹೊರಗೆ ಹೋಗುತ್ತಿದ್ದುದು ಆ 24.5 ಲಕ್ಷ. ಮೈಸೂರಿನ ರೈತ ಕಟ್ಟಿದ ಹಣದಲ್ಲಿ ಕಂಪನಿಯ ಸೈನ್ಯ ಬದುಕಿತು. ಆ ಸೈನ್ಯ ಯಾರ ಮೇಲೆ ದಂಡೆತ್ತಿ ಹೋಗಬೇಕು ಎಂದು ತೀರ್ಮಾನಿಸಿದ್ದು ಕಲ್ಕತ್ತೆ. ಕಬ್ಬನ್ನನ ವರದಿಗಳೂ ಕಲ್ಕತ್ತೆಗೇ ಹೋಗುತ್ತಿದ್ದವು. ಅರಸರಿಗೆ ಕರಾರಿನಂತೆ ವರ್ಷಕ್ಕೆ ಒಂದು ಲಕ್ಷ ಪಗೋಡಾ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು ಸಿಗುತ್ತಿತ್ತು, ಪ್ರಶ್ನೆ ಕೇಳುವ ಅಧಿಕಾರ ಮಾತ್ರ ಇರಲಿಲ್ಲ. ರೈತನಿಗೆ ಎರಡೂ ಇರಲಿಲ್ಲ. 769 ತೆರಿಗೆ ಹೋಗಲಿ ಎಂದು ಒಬ್ಬ ಮನುಷ್ಯ ನಿರ್ಧರಿಸಿದ, ಹೋದವು. ಇರಲಿ ಎಂದಿದ್ದರೆ ಇರುತ್ತಿದ್ದವು. ದೊರೆಯ ಕೃಪೆಯಿಂದ ಕಮಿಷನರನ ಕೃಪೆಗೆ ನಾಡು ವರ್ಗವಾಯಿತು, ಅಷ್ಟೆ.

ಮುಮ್ಮಡಿಯವರು ಬರೆದ ಅರ್ಜಿಗಳನ್ನು ನೋಡಿದರೆ ಹೊಟ್ಟೆ ಕಲಸುತ್ತದೆ. ಗವರ್ನರ್ ಜನರಲ್ ಹಾರ್ಡಿಂಜ್‌ಗೆ ಬರೆದರು, ಆಮೇಲೆ ಬಂದ ಡಾಲ್‌ಹೌಸಿಗೆ ಬರೆದರು, ಕ್ಯಾನಿಂಗ್‌ಗೆ ಬರೆದರು. ನನ್ನ ರಾಜ್ಯ ನನಗೆ ಕೊಡಿ ಎಂಬ ಒಂದೇ ಬೇಡಿಕೆ. ಡಾಲ್‌ಹೌಸಿ 1856ರಲ್ಲಿ ಒಲ್ಲೆ ಎಂದ. ಅರಸರಿಗೆ ಗಂಡು ವಾರಸುದಾರರಿಲ್ಲ, ದತ್ತು ತೆಗೆದುಕೊಂಡಿಲ್ಲ, ಮುಂದೊಂದು ದಿನ ಮೈಸೂರು ತಾನಾಗಿ ಕಂಪನಿಗೆ ಬಂದು ಬೀಳುತ್ತದೆ ಎಂಬ ಲೆಕ್ಕ ಅವನದು. ನಾಡು ಚೆನ್ನಾಗಿ ನಡೆಯುತ್ತಿದೆಯಲ್ಲ, ಮರಳಿಸುವುದೇಕೆ ಎಂಬ ವಾದಕ್ಕೆ ಕಬ್ಬನ್ನನ ಒಳ್ಳೆಯ ಆಡಳಿತವೇ ಆಧಾರವಾಯಿತು. ಅವನು ಎಷ್ಟು ಚೆನ್ನಾಗಿ ಆಳಿದನೋ ಮೈಸೂರಿಗೆ ಸ್ವಂತ ಸರ್ಕಾರ ಅಷ್ಟು ದೂರ ಹೋಯಿತು. ಅವನ ಹೊಗಳಿಕೆಯ ಪಟ್ಟಿಯೊಳಗೇ ಕೂತಿರುವ ಅನ್ಯಾಯ ಇದು.

ಕೊಡಗಿನ ಕಡೆ ತಿರುಗಿದರೆ ಚಿತ್ರ ಇನ್ನೂ ಕಪ್ಪಾಗುತ್ತದೆ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿದ ಮೇಲೆ ಅದರ ಕಮಿಷನರ್ ಪದವಿಯೂ ಕಬ್ಬನ್ನನಿಗೇ ಬಂತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರಿನ ಭಾಗಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ಅಲ್ಲಿನ ರೈತರು ಇನ್ನು ಮುಂದೆ ನಗದು ಕಟ್ಟಬೇಕೆಂದು ಮದ್ರಾಸ್ ಸರ್ಕಾರದ ಆಜ್ಞೆ ಬಂತು. ಬಯಲುಸೀಮೆಯಲ್ಲಿ ಉಪಕಾರವಾದ ನಗದು ಕಂದಾಯ ಆ ಮಲೆಯ ಮೂಲೆಯಲ್ಲಿ ಸಾಹುಕಾರನ ಮನೆ ಬಾಗಿಲಿಗೆ ದಾರಿಯಾಯಿತು. 1837ರಲ್ಲಿ ರೈತರು ಎದ್ದರು. ಕಲ್ಯಾಣಪ್ಪನ ಕಾಟಕಾಯಿ ಎಂದು ಕರಾವಳಿ ನೆನೆಯುವ ಆ ದಂಗೆ ಮಂಗಳೂರನ್ನೇ ಕೆಲದಿನ ಹಿಡಿದಿಟ್ಟುಕೊಂಡಿತ್ತು. ಆಮೇಲೆ ನೇಣುಗಳು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಮಡಿಕೇರಿ ಕೋಟೆಯ ಬಳಿ ಜನರೆದುರು ಗಲ್ಲಿಗೇರಿಸಿದರು. ಆಗ ಕೊಡಗಿನ ಕಮಿಷನರ್ ಯಾರು? ಬೆಂಗಳೂರಿನಲ್ಲಿ ಜನ ಮೆಚ್ಚುವ, ಪುಡಿ ತೆರಿಗೆ ಹೊಡೆದುಹಾಕಿದ ಅದೇ ಕಬ್ಬನ್. ಲಾಲ್‌ಬಾಗ್ ರಸ್ತೆಯಲ್ಲಿ ಕೂತು ಅವನನ್ನು ಹೊಗಳುವುದು ಸುಲಭ, ಸುಳ್ಯದಲ್ಲಿ ಕೂತು ಹೊಗಳಿ ನೋಡಬೇಕು.

ಹಾಗೆಂದು ಅವನನ್ನು ಕಲ್ಕತ್ತೆಯ ಕೈಗೊಂಬೆ ಎನ್ನಲೂ ಆಗುವುದಿಲ್ಲ. 1860ರಲ್ಲಿ ಮೈಸೂರನ್ನು ಮದ್ರಾಸ್ ಸರ್ಕಾರದ ಅಡಿಗೆ ತಳ್ಳುವ ಆಜ್ಞೆ ಬಂದಾಗ ಅವನು ತಲೆಬಾಗದೆ ರಾಜೀನಾಮೆ ಮುಂದಿಟ್ಟ. ಅತ್ತ ಮುಮ್ಮಡಿಯವರೂ ಬಲವಾಗಿ ಪ್ರತಿಭಟಿಸಿದರು. ಸಿಂಹಾಸನವಿದ್ದೂ ಅಧಿಕಾರವಿಲ್ಲದ ಮುದಿ ಅರಸರು, ಅವರ ಅಧಿಕಾರ ಹಿಡಿದಿದ್ದ ಮುದಿ ಕಮಿಷನರ್ ಇಬ್ಬರೂ ಆ ಒಂದು ಸಲ ಒಂದೇ ಕಡೆ ನಿಂತರು. ಆಜ್ಞೆ ತಡೆಯಿತು. ಮದ್ರಾಸಿನ ಒಂದೆರಡು ಜಿಲ್ಲೆಗಳಾಗಿ ಅಂದು ಮೈಸೂರು ಕರಗಿಹೋಗಿದ್ದರೆ ಆಮೇಲಿನ ದಿವಾನರೂ ಇಲ್ಲ, ಕನ್ನಂಬಾಡಿಯೂ ಇಲ್ಲ, ಕನ್ನಡದ ಏಕೀಕರಣಕ್ಕೆ ಒಂದು ನಡುಗಂಬವೂ ಇಲ್ಲ. ಕಬ್ಬನ್ನನ ಖಾತೆಯಲ್ಲಿ ಇದನ್ನೂ ಬರೆಯಲೇಬೇಕು. ಅವನು ಅದನ್ನು ಕನ್ನಡಕ್ಕಾಗಿ ಮಾಡಲಿಲ್ಲ, ಫಲ ಮಾತ್ರ ನಮಗೆ ಬಂತು.

ಮರುವರ್ಷ ಕಾಯಿಲೆಯಿಂದ ಕುಗ್ಗಿ ಊರಿಗೆ ಹೊರಟ. 1861ರ ಏಪ್ರಿಲಿನಲ್ಲಿ ದಾರಿಯಲ್ಲಿ ಸುಯೆಜ್‌ನಲ್ಲೇ ತೀರಿಕೊಂಡ. ಊರು ಮುಟ್ಟಿದ್ದು ಅವನ ದೇಹ ಮಾತ್ರ. ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, ಆ ದತ್ತು ಮನ್ನಣೆ ಪಡೆದ ಸುದ್ದಿ ಕೇಳಿ 1868ರ ಮಾರ್ಚಿನಲ್ಲಿ ಕಣ್ಣುಮುಚ್ಚಿದರು. ರಾಜ್ಯ ಅರಸುಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ.

ಪ್ರತಿಮೆಯ ಕಥೆ ಚಿಕ್ಕದು. ಇಟಲಿಯ ಮೂಲದ ಶಿಲ್ಪಿ ಮರೊಕೆಟ್ಟಿ ಎರಕ ಹೊಯ್ದ, ಕುದುರೆಯೇರಿದ ಕಂಚಿನ ಕಬ್ಬನ್ 1866ರಲ್ಲಿ ಪರೇಡ್ ಮೈದಾನದಲ್ಲಿ ನಿಂತ. ಆಮೇಲೆ ಅಠಾರಾ ಕಚೇರಿಯ ಮುಂದಕ್ಕೆ ಬಂದ. ಅಲ್ಲಿಂದ 2020ರಲ್ಲಿ ಉದ್ಯಾನದೊಳಕ್ಕೆ ಸರಿದ. ಅದೇ ವರ್ಷ ಜೂನಿನಲ್ಲಿ ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಜನ ಗುಲಾಮರ ವ್ಯಾಪಾರಿ ಕೋಲ್‌ಸ್ಟನ್‌ನ ಪ್ರತಿಮೆಯನ್ನು ಹಗ್ಗ ಕಟ್ಟಿ ಎಳೆದು ನೀರಿಗೆ ದೂಡಿದ್ದರು. ಇತ್ತ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ 1837ರ ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಎದ್ದಿತು. ಇನ್ನು ಉದ್ಯಾನ; ಅದು ಕಬ್ಬನ್ ಮಾಡಿದ್ದೇ ಅಲ್ಲ. ಅವನು ಸತ್ತು ಒಂಬತ್ತು ವರ್ಷದ ಮೇಲೆ, 1870ರಲ್ಲಿ, ಕಮಿಷನರ್ ಮೀಡ್‌ನ ಕಾಲದಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ್ದು. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರು. ಸುಮಾರು ನೂರು ವರ್ಷವಾಗುತ್ತಾ ಬಂದರೂ ಆಟೊದವರಿಗೆ ಆ ಹೆಸರು ಹೇಳಿ ನೋಡಿ. ಹೆಸರು ಬದಲಿಸುವ ಹೋರಾಟದಲ್ಲಿ ನನಗೆ ಹುರುಪಿಲ್ಲದಿರುವುದಕ್ಕೆ ಇದೇ ಕಾರಣ. ಆಗಬೇಕಾದ ಬದಲಾವಣೆ ಒಮ್ಮೆ ಆಗಿದೆ. ಜನ ಏನು ತಿಳಿದುಕೊಂಡರು ಎಂದು ಯಾರೂ ಕೇಳಲಿಲ್ಲ.

ಭಾನುವಾರ ನಮ್ಮ ಕಡೆಯಿಂದ ಎಷ್ಟೋ ಮನೆಗಳವರು ಮಕ್ಕಳನ್ನು ಕರೆದುಕೊಂಡು ಈ ಉದ್ಯಾನದ ಬಾಲಭವನಕ್ಕೆ ಹೋಗುತ್ತಾರೆ. ಮಗು ಕುದುರೆ ಸವಾರನನ್ನು ತೋರಿಸಿ ಇವರು ಯಾರಪ್ಪ ಎಂದರೆ ಅಪ್ಪನಿಗೆ ಹೇಳಲು ಏನಾದರೂ ಬೇಕು. ತೋಟಗಾರಿಕೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಆ ಪೀಠದ ಪಕ್ಕದಲ್ಲಿ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದು ಫಲಕ ನಿಲ್ಲಿಸಿ. ಅದರಲ್ಲಿ 1831ರ ಅಕ್ಟೋಬರ್ ಇರಲಿ, ಬೆಂಟಿಂಕ್‌ನ ಅನುಮಾನ ಇರಲಿ. ರದ್ದಾದ 769 ತೆರಿಗೆಗಳೂ ಇರಲಿ, ವರ್ಷವರ್ಷ ಹೊರಗೆ ಹೋದ 24.5 ಲಕ್ಷವೂ ಇರಲಿ. ಮುಮ್ಮಡಿಯವರ ಅರ್ಜಿಗಳಿಗೆ ಒಂದು ಸಾಲು, ಅಪ್ಪಯ್ಯ ಗೌಡರ ಹೆಸರಿಗೆ ಒಂದು ಸಾಲು. 1860ರ ರಾಜೀನಾಮೆಗೂ ಒಂದು. ಮೈಸೂರಿನ ಅಂದಿನ ಕಡತಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಸುಪರ್ದಿಯಲ್ಲಿವೆ. ಅಲ್ಲಿಂದ ಪ್ರತಿಮೆಗೆ ನಡೆದುಹೋಗಬಹುದಾದಷ್ಟೇ ದೂರ. ಬರೆಯಬಲ್ಲ ಇತಿಹಾಸದ ಮೇಷ್ಟ್ರುಗಳು ಜ್ಞಾನಭಾರತಿಯಲ್ಲಿ, ಕೆಂಗೇರಿಯಿಂದ ಮೂರನೆಯ ನಿಲ್ದಾಣದಲ್ಲಿ ಇದ್ದಾರೆ.